ಬೆಲೆ ಏರಿತು, ಗಿರಾಕಿ ಬರಲಿಲ್ಲ: ಆರು ಕಿಲೋ ಮುತ್ತಿನ ಒಂದು ಪ್ರಕರಣ

ದೊಡ್ಡ ಮುತ್ತು ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ತೂಕ ಎಷ್ಟು? ಬೆಲೆ ಎಷ್ಟು? ಮೊದಲನೆಯದಕ್ಕೆ ತಕ್ಕಡಿ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಯಾರು ಹೇಳಬೇಕು? ಇಲ್ಲಿ ಬರೆದಿರುವ ಪ್ರಕರಣದಲ್ಲಿ ಹಲವು ದಶಕ ಅದಕ್ಕೆ ಉತ್ತರ ಹೇಳಿದ್ದು ಕಥೆಗಳು.

ವಸ್ತು ಹೆಸರುವಾಸಿಯಾದದ್ದು. ‘ಅಲ್ಲಾಹನ ಮುತ್ತು’ ಅಂತಲೂ, ಚೀನಾದ ಪ್ರಾಚೀನ ತತ್ವಜ್ಞಾನಿಯ ಹೆಸರಿನಲ್ಲಿ ‘ಲಾವೋ ತ್ಸು ಮುತ್ತು’ ಅಂತಲೂ ಕರೆಯುತ್ತಾರೆ. ಆ ಹೆಸರನ್ನು ಮುಚ್ಚಿಟ್ಟರೆ ಹೇಳಲು ಏನೂ ಉಳಿಯುವುದಿಲ್ಲ. ಆದರೆ ಅದು ಯಾರ ಯಾರ ಕೈ ದಾಟಿತು, ಯಾರು ಸಾಲ ಕೊಟ್ಟರು, ಯಾರು ಬೆಲೆ ಕಟ್ಟಿದರು ಎಂಬ ಹೆಸರುಗಳನ್ನು ಬಿಟ್ಟಿದ್ದೇನೆ. ಒಡವೆ ವ್ಯಾಪಾರದಲ್ಲಿ ಇರುವವರಿಗೆ, ಬೆಲೆ ಕಟ್ಟುವ ಕೆಲಸ ಕಲಿಯುತ್ತಿರುವವರಿಗೆ ಬೇಕಾದ್ದು ಅವರು ಯಾವ ಹೊತ್ತಿನಲ್ಲಿ ಯಾವ ತೀರ್ಮಾನ ಮಾಡಿದರು ಅನ್ನುವುದು.

ಹಿನ್ನೆಲೆ

1934. ಫಿಲಿಪ್ಪೀನ್ಸ್ ದೇಶದ ಪಲವಾನ್ ದ್ವೀಪ. ಅದರ ದಕ್ಷಿಣ ಭಾಗದ ಬ್ರೂಕ್ಸ್ ಪಾಯಿಂಟ್ ಹತ್ತಿರದ ಸಮುದ್ರದಲ್ಲಿ ಮುಳುಗುಗಾರರಿಗೆ ಒಂದು ದೈತ್ಯ ಚಿಪ್ಪು ಸಿಕ್ಕಿತು. ನಮ್ಮ ಕರಾವಳಿಯವರು ಬಳಚು, ಮರುವಾಯಿ ಅಂತ ಸಾರು ಮಾಡುವ ಚಿಪ್ಪಿಗೆ ಇದು ದೂರದ ನೆಂಟ. ಗಾತ್ರ ಮಾತ್ರ ಊಹೆಗೆ ಸಿಗದು. ಪೂರ್ತಿ ಬೆಳೆದದ್ದು ಒಂದು ಮೀಟರಿಗೂ ಉದ್ದ, 200 ಕಿಲೋಗೂ ಜಾಸ್ತಿ ತೂಗುತ್ತದೆ. ಹವಳದ ದಿಬ್ಬಗಳ ಮೇಲೆ, ಬಿಸಿಲು ತಲುಪುವಷ್ಟು ಆಳದಲ್ಲಿ ಕೂತಲ್ಲೇ ಕೂತು ಬದುಕುತ್ತದೆ. ಮೈಯೊಳಗಿನ ಪಾಚಿ ಬಿಸಿಲಿನಿಂದ ತಯಾರಿಸುವ ಆಹಾರವೇ ಅದರ ಮುಖ್ಯ ಊಟ. ನೂರು ವರ್ಷ ಬಾಳುವುದೂ ಉಂಟು.

ಆ ಚಿಪ್ಪಿನೊಳಗೆ 6.37 ಕಿಲೋ ತೂಕದ, ಸುಮಾರು 24 ಸೆಂಟಿಮೀಟರ್ ಉದ್ದದ ಒಂದು ಮುದ್ದೆ ಇತ್ತು. ಬಿಳಿ ಪಿಂಗಾಣಿಯ ಬಣ್ಣ. ಮೇಲೆಲ್ಲ ಮೆದುಳಿನ ಹಾಗೆ ಮಡಿಕೆ, ಉಬ್ಬು, ತಗ್ಗು. ದುಂಡಗಿಲ್ಲ, ಹೊಳಪಿಲ್ಲ. ಫೋಟೋ ಮೊದಲ ಸಲ ನೋಡಿದವರು ‘ಇದಾ ಮುತ್ತು?’ ಅನ್ನುವುದು ಸಹಜ.

ಅಲ್ಲಿನ ಮುಸ್ಲಿಂ ಸಮುದಾಯದ ಮುಖ್ಯಸ್ಥನ ವಶಕ್ಕೆ ಅದು ಬಂತು. ಆ ಮಡಿಕೆಗಳಲ್ಲಿ ಅವನಿಗೆ ಪೇಟ ಸುತ್ತಿದ ಒಬ್ಬ ಪೂಜ್ಯರ ಮುಖ ಕಂಡಿತು. ಹಾಗಾಗಿ ಅದು ಪವಿತ್ರ ವಸ್ತುವಾಯಿತು. ಕೊಳ್ಳಲು ಬಂದ ಒಬ್ಬ ಹೊರಗಿನವನಿಗೆ ಅವನು ಮಾರುವುದಿಲ್ಲ ಎಂದ. ಈ ಹೊರಗಿನವನನ್ನು ಮುಂದೆ ‘ಮೊದಲ ಮಾಲೀಕ’ ಅಂತ ಕರೆಯುತ್ತೇನೆ. ಎರಡು ವರ್ಷದ ಬಳಿಕ ಮುಖ್ಯಸ್ಥನ ಮಗನಿಗೆ ಮಲೇರಿಯಾ ಬಂತು. ಮೊದಲ ಮಾಲೀಕ ಔಷಧಿ ಕೊಟ್ಟ, ಹುಡುಗ ಉಳಿದ. ಋಣ ತೀರಿಸಲು ತಂದೆ ಆ ಮುತ್ತನ್ನೇ ಕೊಟ್ಟ. ಇದು ಮೊದಲ ಮಾಲೀಕನೇ ಬರೆದು ಪ್ರಕಟಿಸಿದ ವೃತ್ತಾಂತ. ಪ್ರಕಟವಾದದ್ದು 1939ರಲ್ಲಿ, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಪತ್ರಿಕೆಯಲ್ಲಿ.

ಅದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಈ ಚಿಪ್ಪು ಒಬ್ಬ ಮುಳುಗುಗಾರನ ಕೈಯನ್ನು ಕಚ್ಚಿಕೊಂಡು ಅವನನ್ನು ನೀರಲ್ಲೇ ಮುಳುಗಿಸಿ ಕೊಂದಿತು, ಶವ ಎತ್ತುವಾಗ ಮುತ್ತು ಸಿಕ್ಕಿತು ಅಂತ. ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ದೈತ್ಯ ಚಿಪ್ಪು ಬಾಯಿ ಮುಚ್ಚುವುದು ನಿಧಾನವಾಗಿ. ತುಂಬಾ ದೊಡ್ಡವಕ್ಕೆ ಪೂರ್ತಿ ಮುಚ್ಚಲೂ ಬರುವುದಿಲ್ಲ. ಅದು ಮನುಷ್ಯರನ್ನು ಕೊಂದ ಖಚಿತ ದಾಖಲೆ ಒಂದೂ ಇಲ್ಲ. ಸಾವು ನಡೆದಿರಬಹುದು, ಕಾರಣ ಬೇರೆ ಇರಬಹುದು. ಒಟ್ಟಿನಲ್ಲಿ ಮುತ್ತು ನೀರಿಂದ ಮೇಲೆ ಬರುವ ಹೊತ್ತಿಗೇ ಒಂದು ಜೀವದ ಬೆಲೆ ಅದಕ್ಕೆ ಅಂಟಿಕೊಂಡಿತ್ತು.

ತೊಡಕು ಎಲ್ಲಿತ್ತು

ನಮಗೆಲ್ಲ ಗೊತ್ತಿರುವ ಮುತ್ತಿನ ಹೊಳಪು ಒಂದು ವಿಶೇಷ ಪದರದಿಂದ ಬರುತ್ತದೆ. ಮುತ್ತಿನ ಚಿಪ್ಪು ತನ್ನ ಒಳಗೋಡೆಗೆ ಬಳಿಯುವ ವಸ್ತುವೇ ಅದು. ಅರಗೊನೈಟ್ ಎಂಬ ಸುಣ್ಣದ ಹರಳಿನ ಬಿಲ್ಲೆಗಳು, ಒಂದೊಂದೂ ಒಂದು ಮೈಕ್ರಾನಿಗಿಂತ ತೆಳು, ಪದರದ ಮೇಲೆ ಪದರ ಕೂರುತ್ತವೆ. ಬೆಳಕು ಆ ಪದರಗಳ ನಡುವೆ ಆಟವಾಡಿ ಆ ನಸುಗುಲಾಬಿ, ನಸುಹಸಿರು ಮಿನುಗು ಕೊಡುತ್ತದೆ. ದೈತ್ಯ ಚಿಪ್ಪಿನಲ್ಲೂ ಅದೇ ಸುಣ್ಣ ಇದೆ, ಅದೇ ಅರಗೊನೈಟ್ ಇದೆ. ಆದರೆ ಹರಳುಗಳು ಬಿಲ್ಲೆಯಾಗಿ ಕೂರದೆ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ಹಾಗಾಗಿ ಪಿಂಗಾಣಿಯ ಬಿಳುಪು ಸಿಗುತ್ತದೆ, ಮಿನುಗು ಸಿಗುವುದಿಲ್ಲ.

ಇಂಥದ್ದನ್ನು ಮುತ್ತು ಅನ್ನಬಹುದೇ? ಒಂದು ಕಾಲಕ್ಕೆ ಪಂಡಿತರು ಬೇಡ ಅಂದರು, ಬರೀ ಸುಣ್ಣದ ಗಡ್ಡೆ ಅಂದರು. ಈಗಿನ ಪ್ರಯೋಗಾಲಯಗಳು ಇದನ್ನೂ ಮುತ್ತೆಂದೇ ಲೆಕ್ಕ ಹಾಕಿ, ಜೊತೆಗೆ ಮಿನುಗಿನ ಪದರ ಇಲ್ಲದ ಜಾತಿ ಅಂತ ಬರೆಯುತ್ತವೆ. 1939ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂನ ತಜ್ಞರು ನೋಡಿ, ಇದು ದೈತ್ಯ ಚಿಪ್ಪಿನಿಂದಲೇ ಬಂದದ್ದು ಎಂದು ಒಪ್ಪಿದರು. ಅಂದರೆ ವಸ್ತು ಅಸಲಿ. ಈ ಪ್ರಕರಣದಲ್ಲಿ ನಕಲಿ ಮಾಲಿನ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ. ತೊಡಕೆಲ್ಲ ಬೆಲೆಯದ್ದು.

ಮುತ್ತಿನ ವ್ಯಾಪಾರಕ್ಕೆ ಒಂದು ಹಳೆಯ ಲೆಕ್ಕ ಇದೆ. ಮುತ್ತಿನ ಬೆಲೆ ತೂಕದ ವರ್ಗದ ಮೇಲೆ ಹೋಗುತ್ತದೆ. ತೂಕ ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮುಂಬೈ ವ್ಯಾಪಾರಿಗಳ ‘ಚೌ’ ಲೆಕ್ಕದ ಬುಡದಲ್ಲೂ ಇರುವುದು ಇದೇ. ದುಂಡಗಿನ, ಹೊಳೆಯುವ, ಹಾರಕ್ಕೆ ಪೋಣಿಸುವ ಮುತ್ತಿಗೆ ಇದು ಸರಿ. ಯಾಕೆಂದರೆ ಅಂಥದ್ದು ದೊಡ್ಡದಾಗಿ ಸಿಗುವುದು ನಿಜಕ್ಕೂ ಅಪರೂಪ.

ಈ ಲೆಕ್ಕವನ್ನು ನಮ್ಮ ಆರು ಕಿಲೋ ಮುದ್ದೆಗೆ ಹಚ್ಚಿ ನೋಡೋಣ, ಸುಮ್ನೆ ತಮಾಷೆಗೆ. ಲಾ ಪೆರೆಗ್ರಿನಾ ಎಂಬ ಹೆಸರಾಂತ ಮುತ್ತು 50.56 ಕ್ಯಾರಟ್, ಅಂದರೆ ಸುಮಾರು 10 ಗ್ರಾಂ. ಅದನ್ನು ಪದಕವಾಗಿ ಕೂರಿಸಿದ್ದ ಹಾರ 2011ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1.18 ಕೋಟಿ ಡಾಲರ್‌ಗೆ ಹೋಯಿತು. ನಮ್ಮ ಮುದ್ದೆ ಅದಕ್ಕಿಂತ 630 ಪಟ್ಟು ಭಾರ. 630ರ ವರ್ಗ ಹೆಚ್ಚುಕಡಿಮೆ 4 ಲಕ್ಷ. ಗುಣಿಸಿದರೆ 4.7 ಲಕ್ಷ ಕೋಟಿ ಡಾಲರ್ ಬರುತ್ತದೆ. ಭಾರತದ ಒಂದು ವರ್ಷದ ಜಿಡಿಪಿಯ ಆಸುಪಾಸು! ಲೆಕ್ಕ ತಪ್ಪಿಲ್ಲ, ಹಚ್ಚಿದ ಜಾಗ ತಪ್ಪು. ಆದರೆ ‘ಮುತ್ತು’ ಎಂಬ ಒಂದೇ ಹೆಸರಿನ ಕೆಳಗೆ ಎರಡನ್ನೂ ಇಟ್ಟ ಕೂಡಲೇ ಕೇಳುವವರ ತಲೆಯಲ್ಲಿ ಇದೇ ಗುಣಾಕಾರ ಶುರುವಾಗುತ್ತದೆ, ಅಲ್ವಾ?

ಮಿನುಗುವ ಮುತ್ತುಗಳಲ್ಲಿ ನಿಜಕ್ಕೂ ದೊಡ್ಡದು ಎಷ್ಟು ದೊಡ್ಡದು ಅನ್ನುವುದಕ್ಕೆ ಲಂಡನ್ನಿನ ಹೋಪ್ ಮುತ್ತು ನೋಡಬೇಕು. ಸುಮಾರು 450 ಕ್ಯಾರಟ್, 90 ಗ್ರಾಂ. ಅಷ್ಟೇ. ಕಿಲೋಗಳಲ್ಲಿ ತೂಗುವುದೆಲ್ಲ ದೈತ್ಯ ಚಿಪ್ಪಿನವೇ. ಅವಕ್ಕೆ ಕಟ್ಟಿದ ಹಾರವಿಲ್ಲ, ತೊಡುವವರಿಲ್ಲ, ನಿಯಮಿತ ಹರಾಜಿಲ್ಲ. ಹೋಲಿಸಿ ನೋಡಲು ಇನ್ನೊಂದು ವ್ಯಾಪಾರ ಇಲ್ಲದ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ? ಮಾಲೀಕರ ಮುಂದೆ ಇದ್ದ ಪ್ರಶ್ನೆ ಇದು.

ಮೊದಲ ಪ್ರಯತ್ನ: ಪ್ರದರ್ಶನ

ಮೊದಲ ಮಾಲೀಕ 1939ರಲ್ಲಿ ಮುತ್ತನ್ನು ಅಮೆರಿಕಕ್ಕೆ ತಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಿಪ್ಲೇ ಸಂಸ್ಥೆಯ ವಿಚಿತ್ರ ವಸ್ತುಗಳ ಪ್ರದರ್ಶನಕ್ಕೆ ಇಟ್ಟ. ನನ್ನ ಪ್ರಕಾರ ಇದು ಸರಿಯಾದ ತೀರ್ಮಾನ. ನೋಡಬೇಕಾದ ವಸ್ತುವನ್ನು ನೋಡುವವರ ಮುಂದೆ ಇಡುವುದು. ಟಿಕೆಟ್ ಕೊಂಡವನಿಗೆ ಅದು ಹಾರಕ್ಕೆ ಆಗುತ್ತದೋ ಇಲ್ಲವೋ ಎಂಬ ಚಿಂತೆ ಇರುವುದಿಲ್ಲ. ಆರು ಕಿಲೋ ಮುತ್ತು ನೋಡಿದೆ ಅನ್ನುವುದೇ ಅವನಿಗೆ ಸಾಕು.

ಆಗಿನ ಕಥೆಯಲ್ಲಿ ಮೂರು ಅಂಶ ಇದ್ದವು. ಸತ್ತ ಮುಳುಗುಗಾರ, ಪೇಟದ ಮುಖ, ಉಳಿದ ಮಗು. ಚೀನಾದ ಸುಳಿವೂ ಇರಲಿಲ್ಲ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಪ್ರದರ್ಶನ ಮುಗಿದ ಮೇಲೆ ವರ್ಷಗಟ್ಟಲೆ ಮುತ್ತು ಅವನ ಬಳಿಯೇ ಉಳಿಯಿತು.

ತಿರುವು: 1969ರ ಎರಡನೆಯ ಕಥೆ

ಮೂವತ್ತು ವರ್ಷದ ಬಳಿಕ ಅದೇ ಮಾಲೀಕ ಇನ್ನೊಂದು ಲೇಖನ ಬರೆದ. ಈ ಸಲ ವಿಜ್ಞಾನದ ಪತ್ರಿಕೆಯಲ್ಲಿ ಬರಲಿಲ್ಲ, ಮೆನ್ಸಾ ಎಂಬ ಬುದ್ಧಿವಂತರ ಸಂಘದ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ 1939ರ ಪ್ರದರ್ಶನದಲ್ಲಿ ಮುತ್ತನ್ನು ಕಂಡು ಒಬ್ಬ ಚೀನೀ ಸಜ್ಜನ ಗದ್ಗದಿತನಾದನಂತೆ. ಇದು ನಮ್ಮ ಕಳೆದುಹೋದ ಮುತ್ತು ಅಂದನಂತೆ. ಎರಡೂವರೆ ಸಾವಿರ ವರ್ಷದ ಹಿಂದೆ ತತ್ವಜ್ಞಾನಿ ಲಾವೋ ತ್ಸು ಹೆಸರಿನಲ್ಲಿ ಒಂದು ತಾಯಿತ ಕೆತ್ತಿ ಜೀವಂತ ಚಿಪ್ಪಿನೊಳಗೆ ಇಟ್ಟರು. ಅದರ ಸುತ್ತ ಮುತ್ತು ಬೆಳೆಯಿತು. ದೊಡ್ಡದಾದಂತೆ ಇನ್ನೂ ದೊಡ್ಡ ಚಿಪ್ಪಿಗೆ ಸಾಗಿಸಿದರು. ತಲೆಮಾರಿನಿಂದ ತಲೆಮಾರಿಗೆ ಹೀಗೇ ನಡೆಯಿತು. ಅದಕ್ಕಾಗಿ ಯುದ್ಧಗಳಾದವು. ಕೊನೆಗೆ ಕಾಪಾಡಲೆಂದು ಹಡಗಿನಲ್ಲಿ ಸಾಗಿಸುವಾಗ ಬಿರುಗಾಳಿಗೆ ಸಿಕ್ಕಿ ಫಿಲಿಪ್ಪೀನ್ಸ್ ಕಡಲಿಗೆ ಬಿತ್ತು. ಮಡಿಕೆಗಳಲ್ಲಿ ಈಗ ಪೇಟದ ಮುಖದ ಜಾಗದಲ್ಲಿ ಮೂರು ಮುಖ ಕಂಡವು: ಬುದ್ಧ, ಕನ್ಫ್ಯೂಷಿಯಸ್, ಲಾವೋ ತ್ಸು. ಆ ಸಜ್ಜನ 35 ಲಕ್ಷ ಡಾಲರ್ ಕೊಡಲು ಬಂದ, ನಾನು ಒಪ್ಪಲಿಲ್ಲ ಅಂತ ಮಾಲೀಕ ಬರೆದ.

ಈ ಕಥೆಗೆ ಬೇರು ಇಲ್ಲದೇ ಇಲ್ಲ. ಚೀನಾದಲ್ಲಿ 13ನೇ ಶತಮಾನದಿಂದಲೇ ಸಿಹಿನೀರಿನ ಚಿಪ್ಪಿನೊಳಗೆ ಸೀಸದ ಪುಟ್ಟ ಬುದ್ಧನ ಅಚ್ಚುಗಳನ್ನು ಸೇರಿಸುತ್ತಿದ್ದರು. ಚಿಪ್ಪಿನ ಗೋಡೆಗೂ ಅದರ ಮೃದು ಮೈಗೂ ನಡುವೆ ಬಿದಿರಿನ ಕಡ್ಡಿಯಿಂದ ತೂರಿಸಿ ಮತ್ತೆ ನೀರಿಗೆ ಬಿಡುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ತೆಗೆದರೆ ಒಳಗೋಡೆಯ ಮೇಲೆ ಸಾಲಾಗಿ ಕೂತ ಮುತ್ತಿನ ಬುದ್ಧರು! ಅಂಥ ಚಿಪ್ಪುಗಳು ಇಂದಿಗೂ ಮ್ಯೂಸಿಯಂಗಳಲ್ಲಿ ಇವೆ. ಹಾಗಾಗಿ ಚಿಪ್ಪಿನೊಳಗೆ ತಾಯಿತ ಇಟ್ಟರು ಅನ್ನುವ ಮಾತು ತಕ್ಷಣ ನಂಬುವಂತೆ ಕೇಳಿಸುತ್ತದೆ.

ಮುಂದಿನದು ನಿಲ್ಲುವುದಿಲ್ಲ. ಚಿಪ್ಪಿನ ಮೈಯ ಅಂಗಾಂಶ ಸುತ್ತ ಒಂದು ಚೀಲ ಕಟ್ಟಿಕೊಂಡರೆ ಮಾತ್ರ ಬಿಡಿ ಮುತ್ತು ಬೆಳೆಯುತ್ತದೆ. ಬೆಳೆದ ಮುತ್ತನ್ನು ಕಿತ್ತು ಬೇರೊಂದು ಚಿಪ್ಪಿಗೆ ಹಾಕಿದರೆ ಆ ಚೀಲ ಇರುವುದಿಲ್ಲ. ಅಂಗಾಂಶದ ತುಂಡನ್ನು ಜೊತೆಗೆ ಕಸಿ ಮಾಡುವ ವಿದ್ಯೆ ಜಪಾನಿನಲ್ಲಿ ಕೈಗೆ ಹತ್ತಿದ್ದು 20ನೇ ಶತಮಾನದ ಆರಂಭದಲ್ಲಿ. ಹತ್ತಾರು ತಲೆಮಾರು ದೈತ್ಯ ಚಿಪ್ಪುಗಳನ್ನು ಬಾಯಿ ತೆರೆಸಿ ಕಿಲೋಗಟ್ಟಲೆ ಮುದ್ದೆಯನ್ನು ಸಾಗಿಸಿದರು ಅಂದರೆ ನಂಬುವುದು ಕಷ್ಟ. ಒಳಗೆ ಇದೆ ಅನ್ನುವ ತಾಯಿತವನ್ನು ಯಾರಿಗೂ ತೋರಿಸಿಲ್ಲ.

ನಾವು ನಗುವ ಹಾಗೂ ಇಲ್ಲ. ಸ್ವಾತಿ ಮಳೆಯ ಹನಿ ಚಿಪ್ಪಿನ ಬಾಯಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ಕೇಳಿ ಬೆಳೆದವರು ನಾವು. ವರಾಹಮಿಹಿರನ ಬೃಹತ್ಸಂಹಿತೆ ಮುತ್ತು ಹುಟ್ಟುವ ಜಾಗಗಳ ಪಟ್ಟಿ ಕೊಡುತ್ತದೆ. ಚಿಪ್ಪು, ಶಂಖ ಸರಿ. ಜೊತೆಗೆ ಆನೆ, ಹಾವು, ಮೋಡ, ಬಿದಿರು, ಮೀನು, ಹಂದಿ. ಮುತ್ತು ಎಲ್ಲಿಂದ ಬಂತು ಅನ್ನುವುದು ಕಣ್ಣಿಗೆ ಕಾಣದ ಕೆಲಸ. ಕಾಣದ ಜಾಗದಲ್ಲಿ ಕಥೆ ಹುಟ್ಟುವುದು ಎಲ್ಲ ಊರಲ್ಲೂ ಇದ್ದದ್ದೇ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಎರಡು ಬರಹಗಳ ನಡುವಿನ ಅಂತರ. 1939ರಲ್ಲಿ ನಡೆದದ್ದು ಎನ್ನಲಾದ, 35 ಲಕ್ಷ ಡಾಲರಿನ ಮಾತುಕತೆ 30 ವರ್ಷ ಬಿಟ್ಟು ಅಚ್ಚಾಯಿತು. ಅಷ್ಟು ದೊಡ್ಡ ಸಂಗತಿ ಯಾರೂ ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅದರ ಪರಿಣಾಮ ಮಾತ್ರ ನಿಚ್ಚಳ. ದ್ವೀಪವೊಂದರ ವಿಚಿತ್ರ ವಸ್ತು ಆ ಒಂದು ಲೇಖನದಿಂದ ನಾಗರಿಕತೆಯೊಂದರ ಕಳೆದುಹೋದ ನಿಧಿಯಾಯಿತು. ಹೆಸರೂ ಬದಲಾಯಿತು.

ಅದೇ 1969ರಲ್ಲಿ ಇನ್ನೊಂದು ಮುತ್ತು ಸುದ್ದಿಯಾಗಿತ್ತು. ನಟ ರಿಚರ್ಡ್ ಬರ್ಟನ್ ನ್ಯೂಯಾರ್ಕಿನ ಹರಾಜಿನಲ್ಲಿ ಲಾ ಪೆರೆಗ್ರಿನಾವನ್ನು 37,000 ಡಾಲರ್ ಕೊಟ್ಟು ಹೆಂಡತಿ, ನಟಿ ಎಲಿಜಬೆತ್ ಟೇಲರ್‌ಗಾಗಿ ಕೊಂಡ. ಅದು ಒಮ್ಮೆ ಅವರ ನಾಯಿಮರಿಯ ಬಾಯಿ ಸೇರಿ ಪುಣ್ಯಕ್ಕೆ ಉಳಿಯಿತು. ಅದಕ್ಕೂ ದಂತಕಥೆಗಳಿವೆ: ಪನಾಮಾದಲ್ಲಿ ಅದನ್ನು ಹುಡುಕಿಕೊಟ್ಟ ಗುಲಾಮನಿಗೆ ಬಿಡುಗಡೆ ಸಿಕ್ಕಿತು ಅಂತ, ಸ್ಪೇನಿನ ರಾಣಿಯರ ಎದೆ ಮೇಲೆ ಮೆರೆಯಿತು ಅಂತ. ಆದರೆ ಅಲ್ಲಿ ಕಥೆಯ ಪಕ್ಕದಲ್ಲೇ ರಶೀದಿ ಇದೆ. 1969ರಲ್ಲಿ ಒಂದು, 2011ರಲ್ಲಿ ಇನ್ನೊಂದು. ನಮ್ಮ ಮುದ್ದೆಗೆ ಆಗ ಕಥೆ ಮಾತ್ರ ಇತ್ತು.

1980: ನಿಜವಾಗಿ ನಡೆದ ವ್ಯಾಪಾರ

ಮೊದಲ ಮಾಲೀಕ 1979ರಲ್ಲಿ ತೀರಿಕೊಂಡ. ಸುಮಾರು 40 ವರ್ಷ ಅಮೆರಿಕದಲ್ಲಿ ಮುತ್ತಿಟ್ಟುಕೊಂಡಿದ್ದರೂ ಮಾರಲಿಲ್ಲ. ಹಾಗಾಗಿ ಅವನನ್ನು ವಂಚಕ ಅನ್ನಲು ನನಗೆ ಮನಸ್ಸಿಲ್ಲ. ಹಣ ಮಾಡಲೆಂದೇ ಕಥೆ ಕಟ್ಟಿದವನು ಅದನ್ನು ಅಷ್ಟು ದಿನ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ತನ್ನ ವಸ್ತುವಿನ ಮೇಲಿನ ಮೋಹಕ್ಕೆ ಅವನೇ ಮೊದಲು ಸಿಕ್ಕಿಬಿದ್ದಿರಬೇಕು.

ವಾರಸುದಾರರು ಮರುವರ್ಷವೇ ಅದನ್ನು ಮಾರಿದರು. ಕ್ಯಾಲಿಫೋರ್ನಿಯಾದ ಒಬ್ಬ ಒಡವೆ ವ್ಯಾಪಾರಿ ಮತ್ತು ಅವನ ಜೊತೆಗಾರ ಸೇರಿ ಕೊಂಡರು. ಬೆಲೆ 2 ಲಕ್ಷ ಡಾಲರ್.

ಕುಟುಂಬದ ಬಳಿ 35 ಲಕ್ಷ ಡಾಲರಿನ ಕಥೆ ಇತ್ತು. ಅವರ ಕೈಗೆ ಬಂದದ್ದು 2 ಲಕ್ಷ. ಮೋಸ ಹೋದರು ಅಂತ ಕೆಲವರು ಹೇಳಬಹುದು. ನಾನು ಹಾಗೆ ನೋಡುವುದಿಲ್ಲ. ಇಡೀ ಪ್ರಕರಣದಲ್ಲಿ ಮುತ್ತಿನಿಂದ ಖಚಿತವಾಗಿ ಹಣ ಎಣಿಸಿಕೊಂಡು ಹೊರಬಂದವರು ಅಂದರೆ ಇವರೇ. ಮಾರುವವರಿಗೆ ಮಾರಬೇಕಿತ್ತು, ಕೊಳ್ಳುವವರಿಗೆ ಕೊಳ್ಳಬೇಕಿತ್ತು, ಇಬ್ಬರೂ ಒಂದು ಅಂಕಿಗೆ ಬಂದರು. ಬೆಲೆ ಅಂದರೆ ಅದು.

ಅಂದಾಜು ಪತ್ರಗಳ ಕಾಲ

ಇಲ್ಲಿಂದ ಪ್ರಕರಣದ ಸ್ವಭಾವವೇ ಬದಲಾಗುತ್ತದೆ. ಹೊಸ ಮಾಲೀಕರು ಪ್ರದರ್ಶನಕ್ಕಿಂತ ಕಾಗದಕ್ಕೆ ಜಾಸ್ತಿ ಒತ್ತು ಕೊಟ್ಟರು. ರತ್ನಗಳ ಬೆಲೆ ಕಟ್ಟುವವರಿಂದ ಅಂದಾಜು ಪತ್ರ ಬರೆಸಿದರು. ಒಬ್ಬರು 4.2 ಕೋಟಿ ಡಾಲರ್ ಎಂದರು. ಇನ್ನೊಬ್ಬರು 6 ಕೋಟಿ ಎಂದರು. 2007ರ ಹೊತ್ತಿಗೆ 9.3 ಕೋಟಿಗೆ ಏರಿತು. 4.2 ಕೋಟಿಯನ್ನೇ ಹಿಡಿದರೂ 1980ರ ವ್ಯಾಪಾರದ ಬೆಲೆಗಿಂತ 210 ಪಟ್ಟು. ಈ ನಡುವೆ ಮುತ್ತು ಬೆಳೆದಿರಲಿಲ್ಲ. ಅದರ ಜಾತಿ ಬದಲಾಗಿರಲಿಲ್ಲ. ಅದೇ ಪಿಂಗಾಣಿ ಬಿಳುಪು, ಅದೇ ಮಡಿಕೆ.

ಅಂದಾಜು ಪತ್ರದ ಕೆಲಸ ಏನು ಅಂತ ನಮ್ಮವರಿಗೂ ಗೊತ್ತು. ವಿಮೆಗೆ ಬೇಕು, ಕೋರ್ಟಿಗೆ ಬೇಕು, ಆಸ್ತಿ ಪಾಲಿಗೆ ಬೇಕು. ಸಾಮಾನ್ಯ ವಸ್ತುವಿಗೆ ಅದನ್ನು ಬರೆಯುವವರು ಅಂಥದ್ದೇ ಇನ್ನೊಂದು ವಸ್ತು ಇತ್ತೀಚೆಗೆ ಎಷ್ಟಕ್ಕೆ ಹೋಯಿತು ಎಂದು ನೋಡುತ್ತಾರೆ. ಇಲ್ಲಿ ಅಂಥ ಇನ್ನೊಂದು ಇಲ್ಲ. ಆಗ ಏನನ್ನು ಆಧಾರ ಮಾಡಿಕೊಳ್ಳುವುದು? ಅಪರೂಪ, ದಾಖಲೆ, ಚರಿತ್ರೆ. ಚರಿತ್ರೆ ಅಂದರೆ ಲಾವೋ ತ್ಸು ಕಥೆ. ಅಂದರೆ ಮೊದಲ ಮಾಲೀಕ ಬರೆದ ಕಥೆ ಅಂದಾಜುಗಾರನ ಕೈಯಲ್ಲಿ ಅಂಕಿಯಾಯಿತು. ಆ ಅಂಕಿ ಪತ್ರಿಕೆಗೆ ಸುದ್ದಿಯಾಯಿತು. ಸುದ್ದಿ ಮುಂದಿನ ಅಂದಾಜಿಗೆ ಬುನಾದಿಯಾಯಿತು.

ಈ ಹೊತ್ತಿಗೆ ಕಥೆಗೆ ಹೊಸ ಕೊಂಬೆಗಳೂ ಬಂದವು. 1999ರಲ್ಲಿ ಬಿನ್ ಲಾಡೆನ್ ಕಡೆಯವರು 6 ಕೋಟಿ ಡಾಲರ್ ಕೊಟ್ಟು ಇದನ್ನು ಕೊಂಡು ಸದ್ದಾಂ ಹುಸೇನ್‌ಗೆ ಉಡುಗೊರೆ ಕೊಡಲು ಬಂದಿದ್ದರು ಅಂತ ಒಬ್ಬ ಮಾಲೀಕ ಹೇಳಿಕೊಂಡ. ಪ್ರತಿ ಕಾಲಕ್ಕೂ ಆ ಕಾಲದ ದೊಡ್ಡ ಹೆಸರು ಬೇಕು ನೋಡಿ. ಒಂದು ಕಾಲಕ್ಕೆ ತತ್ವಜ್ಞಾನಿ, ಇನ್ನೊಂದು ಕಾಲಕ್ಕೆ ಭಯೋತ್ಪಾದಕ. ಎಲ್ಲ ಕಥೆಗಳ ಕೊನೆಯೂ ಒಂದೇ ತರ: ದೊಡ್ಡ ಗಿರಾಕಿ ಬಂದ, ವ್ಯಾಪಾರ ಆಗಲಿಲ್ಲ.

ಅಸಲಿ ವ್ಯವಹಾರ ಬೇರೆ ದಾರಿ ಹಿಡಿದಿತ್ತು. ಅಮೆರಿಕದ ಕೊಲೊರಾಡೊದ ಒಬ್ಬ ವ್ಯಾಪಾರಿ, 1980ರಲ್ಲಿ ಮುತ್ತು ಕೊಂಡ ಇಬ್ಬರಲ್ಲಿ ಆ ಜೊತೆಗಾರನಿಗೆ ಸಾಲ ಕೊಟ್ಟು ಅದರ ಬದಲಿಗೆ ಮುತ್ತಿನಲ್ಲಿ ಪಾಲು ಪಡೆದ. ಅವನು 1998ರಲ್ಲಿ ಸತ್ತ. ಬಳಿಕ, 1975ರಲ್ಲಿ ನಡೆದಿದ್ದ ಅವನ ಹೆಂಡತಿಯ ಕೊಲೆಗೆ ಹಣ ಕೊಟ್ಟವನು ಅವನೇ ಎಂಬುದು ಹೊರಬಿತ್ತು. ಮಕ್ಕಳು ಅವನ ಆಸ್ತಿಯ ಮೇಲೆ ದಾವೆ ಹಾಕಿದರು. ಕೋರ್ಟು ಅವರಿಗೆ 3.24 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಹೇಳಿತು. ಆದರೆ ಆ ಆಸ್ತಿಯಲ್ಲಿ ದೊಡ್ಡ ಅಂಕಿಯ ವಸ್ತು ಅಂದರೆ ಮುತ್ತಿನ ಪಾಲೇ.

ಒಂದು ಕ್ಷಣ ಆ ಮಕ್ಕಳ ಜಾಗದಲ್ಲಿ ನಿಂತು ನೋಡಿ. ತಾಯಿಯನ್ನು ಕಳೆದುಕೊಂಡವರು. ನ್ಯಾಯ ಸಿಕ್ಕಿದೆ, ಕಾಗದದ ಮೇಲೆ. ಆ ನ್ಯಾಯದ ಹಣ ಬ್ಯಾಂಕಿನ ಲಾಕರಿನಲ್ಲಿ ಕೂತ ಒಂದು ಸುಣ್ಣದ ಮುದ್ದೆಯೊಳಗೆ ಇದೆ. ಅದನ್ನು ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾರಲು ಹೋದರೆ 9.3 ಕೋಟಿ ಅಂತ ಪತ್ರ ಇದೆ, ಆ ಹಣ ಕೊಡುವವರು ಇಲ್ಲ. ಕಡಿಮೆಗೆ ಮಾರೋಣ ಅಂದರೆ ಉಳಿದ ಪಾಲುದಾರರು ಪತ್ರ ತೋರಿಸುತ್ತಾರೆ. ಅಂದಾಜು ಜಾಸ್ತಿ ಆದಷ್ಟೂ ಮಾರಾಟ ದೂರ ಹೋಯಿತು. ದಂತಕಥೆಯ ಬೆಲೆಯನ್ನು ಕೊನೆಗೆ ತೆತ್ತವರು ಅದನ್ನು ಕಟ್ಟದವರು.

ಮಂಚದಡಿಯ 34 ಕಿಲೋ

ಇತ್ತ ಪಲವಾನ್ ಕಡಲಲ್ಲೇ ಇನ್ನೊಂದು ಸಿಕ್ಕಿತ್ತು. ಸುಮಾರು 2006ರಲ್ಲಿ ಒಬ್ಬ ಮೀನುಗಾರನ ದೋಣಿಯ ಲಂಗರು ನೀರಡಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ಬಿಡಿಸಲು ಧುಮುಕಿದವನಿಗೆ ದೈತ್ಯ ಚಿಪ್ಪು ಕಂಡಿತು. ಅದರೊಳಗಿಂದ ಬಂದದ್ದು 34 ಕಿಲೋ ಮುದ್ದೆ. ಲಾವೋ ತ್ಸು ಮುತ್ತಿನ ಐದು ಪಟ್ಟಿಗಿಂತ ಜಾಸ್ತಿ. ಅವನು ಅದನ್ನು ಮನೆಯಲ್ಲಿ ಮಂಚದಡಿ ಇಟ್ಟ. ಮೀನಿಗೆ ಹೋಗುವ ಮುಂಚೆ ಒಳ್ಳೆಯದಾಗಲಿ ಅಂತ ಮುಟ್ಟಿ ಹೋಗುತ್ತಿದ್ದ. ಹೀಗೆ ಹತ್ತು ವರ್ಷ.

ಬೇರೆ ಕಡೆ ಮನೆ ಮಾಡಬೇಕಾಗಿ ಬಂದಾಗ ಅಷ್ಟು ಭಾರ ಹೊತ್ತೊಯ್ಯುವುದು ಕಷ್ಟ ಅನ್ನಿಸಿ, ಪ್ವೆರ್ಟೊ ಪ್ರಿನ್ಸೆಸಾ ನಗರದ ಪ್ರವಾಸೋದ್ಯಮ ಕಚೇರಿಯಲ್ಲಿದ್ದ ತನ್ನ ನೆಂಟರೊಬ್ಬರ ವಶಕ್ಕೆ ಕೊಟ್ಟ. ಅದು ಏನೆಂದು ಅವರಿಗೆ ಹೊಳೆಯಿತು. 2016ರ ಆಗಸ್ಟ್‌ನಲ್ಲಿ ನಗರಸಭೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಜನರಿಗೆ ತೋರಿಸಿತು, ಪರೀಕ್ಷೆಗೆ ರತ್ನತಜ್ಞರ ನೆರವು ಕೇಳಿತು. ಜಗತ್ತಿನ ಪತ್ರಿಕೆಗಳು ಹಳೆಯ ಮುತ್ತಿನ ಅಂದಾಜಿಗೆ ಹೋಲಿಸಿ ಇದಕ್ಕೆ 10 ಕೋಟಿ ಡಾಲರ್ ಅಂತ ಬರೆದವು. ಯಾರೂ ಕೊಡದ ಒಂದು ಬೆಲೆ ಇನ್ನೊಂದಕ್ಕೆ ಅಳತೆಗೋಲಾಯಿತು.

2019ರಲ್ಲಿ ಕೆನಡಾದ ಒಂದು ಕುಟುಂಬ 27.65 ಕಿಲೋದ ಮತ್ತೊಂದನ್ನು ಹೊರತಂದಿತು. ಅದೂ ಫಿಲಿಪ್ಪೀನ್ಸ್ ಮೂಲದ್ದೇ, ಅದೂ ಮನೆಯಲ್ಲೇ ದಶಕಗಟ್ಟಲೆ ಇದ್ದದ್ದೇ. ಅಂದರೆ 1934ರಿಂದ ‘ಜಗತ್ತಿನ ಅತಿ ದೊಡ್ಡದು’ ಅನ್ನುವ ಮಾತಿನ ಮೇಲೆ ನಿಂತಿದ್ದ ಬೆಲೆಯ ಕಾಲು ಮೂರೇ ವರ್ಷದಲ್ಲಿ ಎರಡು ಸಲ ಜಾರಿತು.

ನಗರಸಭೆಯ ತೀರ್ಮಾನ ನನಗೆ ಹಿಡಿಸಿತು. ಮಾರಲು ಹೊರಡಲಿಲ್ಲ, ಪಾಲು ಹಂಚಲಿಲ್ಲ. ಊರಿಗೆ ಬಂದವರು ನೋಡಲಿ ಅಂತ ಇಟ್ಟರು. 1939ರಲ್ಲಿ ಮೊದಲ ಮಾಲೀಕ ಮಾಡಿದ್ದೂ ಇದನ್ನೇ. ಅದು ಅಲ್ಲಿಗೇ ನಿಂತಿದ್ದರೆ ಬರೆಯಲು ಇಷ್ಟೆಲ್ಲ ಇರುತ್ತಿರಲಿಲ್ಲ.

ಬೆಲೆ ಕಟ್ಟುವವರ ಮೇಜಿಗೆ ಬಂದಾಗ

ಇಂಥ ವಸ್ತು ನಮ್ಮ ಬಳಿಗೆ ಬರುವುದಿಲ್ಲ ಅಂದುಕೊಳ್ಳಬೇಡಿ. ಗಜಮುಕ್ತ ಇದೆ, ನಾಗಮಣಿ ಇದೆ, ಅಜ್ಜನ ಕಾಲದ ದೊಡ್ಡ ಮುತ್ತು ಇದೆ ಅಂತ ವಾಟ್ಸಾಪಿನಲ್ಲಿ ಫೋಟೋ ಕಳಿಸುವವರಿಗೆ ಕೊರತೆ ಇಲ್ಲ. ಜೊತೆಗೆ ಒಂದು ಕಥೆ, ಒಂದು ಪ್ರಮಾಣಪತ್ರ, ‘ಅರಬ್ ದೇಶದವರು ಇಷ್ಟು ಕೋಟಿಗೆ ಕೇಳಿದ್ದರು’ ಎಂಬ ಮಾತು ಇದ್ದೇ ಇರುತ್ತದೆ.

ಇಲ್ಲಿನ ಅನುಭವ ಹಿಡಿದು ಹೇಳುವುದಾದರೆ ಮೊದಲು ಕೇಳಬೇಕಾದ್ದು ಕಥೆ ನಿಜವೋ ಸುಳ್ಳೋ ಅಂತ ಅಲ್ಲ. ಅದು ಮೊದಲ ಸಲ ಯಾವಾಗ ಬರವಣಿಗೆಗೆ ಬಂತು ಅಂತ. ವಸ್ತು ಸಿಕ್ಕಿದ ಕಾಲದ ದಾಖಲೆಯಲ್ಲಿ ಇಲ್ಲದ್ದು ದಶಕಗಳ ಬಳಿಕ ಸೇರಿಕೊಂಡಿದ್ದರೆ ಅದನ್ನು ಬೆಲೆಯ ಲೆಕ್ಕದಿಂದ ಹೊರಗೆ ಇಡಿ. ಆಮೇಲೆ, ಕೊನೆಯ ಬಾರಿ ಹಣ ಕೈ ಬದಲಾದದ್ದು ಯಾವಾಗ, ಎಷ್ಟು? ಇಲ್ಲಿ ಆ ಉತ್ತರ 2 ಲಕ್ಷ ಡಾಲರ್. ಅಲ್ಲಿಂದ ಮೇಲಕ್ಕೆ ಹೋಗುವುದಾದರೆ ಒಂದೊಂದು ಮೆಟ್ಟಿಲಿಗೂ ಕಾರಣ ಬರೆಯಬೇಕು. ಅಂದಾಜು ಪತ್ರ ತಂದರೆ ಅದನ್ನು ಬರೆಸಿದ್ದು ಯಾರು, ಯಾವ ಕೆಲಸಕ್ಕೆ ಎಂದು ಕೇಳಿ. ವಿಮೆಗೆ ಬರೆಸಿದ ಅಂಕಿಯನ್ನು ಸಾಲಕ್ಕೆ ಆಧಾರ ಮಾಡಿಕೊಂಡವರು ಮುಳುಗುವುದು ಮುತ್ತಿನಲ್ಲಿ ಮಾತ್ರ ನಡೆಯುವ ಸಂಗತಿ ಅಲ್ಲ. ವಸ್ತುವಿಗೆ ಒಂದಕ್ಕಿಂತ ಹೆಚ್ಚು ಮಾಲೀಕರು ಇದ್ದರಂತೂ, ಎಷ್ಟಕ್ಕೆ ಬಂದರೆ ಮಾರುತ್ತೇವೆ ಎಂಬ ಕನಿಷ್ಠ ಅಂಕಿಯನ್ನು ಪಾಲು ಬರೆಯುವ ದಿನವೇ ಬರೆದಿಡಬೇಕು. ಕೊಲೊರಾಡೊದವರಿಗೆ ಅದು ಇದ್ದಿದ್ದರೆ ಆ ಮಕ್ಕಳ ಪಾಡು ಬೇರೆ ಇರುತ್ತಿತ್ತು.

ಇನ್ನೊಂದು ವಿಷಯ, ಬೆಲೆಗಿಂತ ಮೊದಲೇ ನೋಡಬೇಕಾದ್ದು. ದೈತ್ಯ ಚಿಪ್ಪುಗಳು ಈಗ ಅಪಾಯದಲ್ಲಿವೆ. ಆನೆದಂತದ ಬದಲಿಗೆ ಕೆತ್ತನೆಗೆ ಈ ಚಿಪ್ಪನ್ನು ಬಳಸುತ್ತಾರೆ. 2021ರ ಏಪ್ರಿಲ್‌ನಲ್ಲಿ ಪಲವಾನ್‌ನಲ್ಲೇ 200 ಟನ್ ಚಿಪ್ಪು ಸಿಕ್ಕಿಬಿತ್ತು, ಅಂದಾಜು 2.5 ಕೋಟಿ ಡಾಲರಿನದು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಅಂಕುಶ ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪ್ರಕಾರ ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕೆಲವು ಜಾತಿಯ ದೈತ್ಯ ಚಿಪ್ಪುಗಳಿಗೆ ರಕ್ಷಣೆ ಕೊಟ್ಟಿದೆ. ಅಂಡಮಾನಿನಿಂದಲೋ ಲಕ್ಷದ್ವೀಪದಿಂದಲೋ ತಂದದ್ದು ಅಂತ ಯಾರಾದರೂ ಕಿಲೋ ತೂಕದ ಬಿಳಿ ಮುತ್ತನ್ನು ಮೇಜಿನ ಮೇಲೆ ಇಟ್ಟರೆ ತಕ್ಕಡಿ ತೆಗೆಯುವ ಮುಂಚೆ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಅರಣ್ಯ ಇಲಾಖೆಯ ನಂಬರ್ ಕೊಟ್ಟು ಕಳಿಸಿ.